ಮರ ಅಂಟಿಸುವ ಮುಂಚೆ

ಮಾರ್ಚ್ 3, ಸೋಮವಾರ

ಇವತ್ತು ನನ್ನ ಮಂಚವನ್ನು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಪ್ಯಾಸೇಜಿಗೆ ಎಳೆದು ಹಾಕಿದರು. ಅಣ್ಣ ತಲೆಯ ಕಡೆ ಹಿಡಿದ, ಅತ್ತಿಗೆ ಕಾಲಿನ ಕಡೆ. ನನ್ನನ್ನು ಒಂದು ಮಾತೂ ಕೇಳಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. "ದಿಂಬು ನೀನೇ ತಗೋತೀಯಾ?" ಎಂದು ಕೇಳಿದರು.

ಕಾರಣ ಅತ್ತಿಗೆಯ ಅಮ್ಮ. ಇಷ್ಟು ದಿನ ದೊಡ್ಡ ಮಗಳ ಮನೆಯಲ್ಲಿದ್ದರು. ಆ ಸಂಸಾರ ಇದೇ ಇಪ್ಪತ್ತೆರಡಕ್ಕೆ ಬೇರೆ ಊರಿಗೆ ಹೊರಟಿದೆ. ಆದ್ದರಿಂದ ಅಮ್ಮ ಇಲ್ಲಿಗೆ ಬರುತ್ತಾರೆ, ನನ್ನ ಕೋಣೆಗೆ. ಮಂಡಿನೋವಿಗೆ ತಣ್ಣನೆಯ ನೆಲ ಆಗುವುದಿಲ್ಲವಂತೆ, ಮರದ ನೆಲವೇ ಬೇಕಂತೆ. ಅಷ್ಟರೊಳಗೆ ನೆಲ ಆಗದಿದ್ದರೆ ದೊಡ್ಡ ಮಗ ಬಂದು ತನ್ನೂರಿಗೆ ಕರೆದುಕೊಂಡು ಹೋಗುತ್ತಾನೆ, ಒಮ್ಮೆ ಹೋದರೆ ಅವನ ಹೆಂಡತಿ ಮತ್ತೆ ಕಳಿಸುವವಳಲ್ಲ. ಇದನ್ನೆಲ್ಲ ಅತ್ತಿಗೆ ಮೂಗು ಸೊರಸೊರ ಎಳೆಯುತ್ತಾ ಅಣ್ಣನಿಗೆ ಹೇಳಿಕೊಳ್ಳುತ್ತಿದ್ದಳು. ಪ್ಯಾಸೇಜಿನಲ್ಲಿ ಇರುವವರಿಗೆ ಎಲ್ಲವೂ ಕೇಳಿಸುತ್ತದೆ.

ಹಾಗಾದರೆ ಇಪ್ಪತ್ತೆರಡರೊಳಗೆ ಆ ನೆಲ ಆಗಬಾರದು. ಅಷ್ಟೇ.

ಮದುವೆಯಾಗದ ತಂಗಿ ಮನೆಯಲ್ಲಿ ಹಳೇ ಕುರ್ಚಿಯ ಹಾಗೆ, ಬೇಕಾದ ಕಡೆ ಎಳೆದು ಹಾಕಬಹುದು ಎಂದುಕೊಂಡಿದ್ದಾರೆ. ಅದು ನನ್ನ ಕೋಣೆ. ಹುಟ್ಟಿದಾಗಿನಿಂದ ನನ್ನ ಕೋಣೆ. ಹೋದ ವರ್ಷ ಬಟ್ಟೆ ಕಾರ್ಖಾನೆ ಮುಚ್ಚಿದ ಮೇಲೆ ನನ್ನದು ಅಂತ ಉಳಿದದ್ದು ಅದೊಂದೇ. ಅಣ್ಣನಿಗೆ ಹಾವೂ ಸಾಯಬೇಕು, ಕೋಲೂ ಮುರಿಯಬಾರದು. "ಹೊಂದ್ಕೊಂಡು ಹೋಗು ಪುಟ್ಟೀ" ಎಂದ. ನನಗೆ ನಲವತ್ತಾರು ವರ್ಷ.

ಮಾರ್ಚ್ 4, ಮಂಗಳವಾರ

ನೆಲ ಹಾಕುವವನು ಬಂದ. ಬೇರೆ ಯಾರೂ ಅಲ್ಲ, ಅತ್ತಿಗೆಯ ತಮ್ಮ. ಊರಿಗೆಲ್ಲ ಮರದ ನೆಲ ಅಂಟಿಸುವುದೇ ಕಸುಬು. ಉಗುರುಗಳಲ್ಲಿ ಯಾವಾಗಲೂ ಅಂಟು ಮೆತ್ತಿಕೊಂಡಿರುತ್ತದೆ, ಮಾತೂ ಹಾಗೆಯೇ, ಹಿಡಿದರೆ ಬಿಡದು. ಅಂಟಪ್ಪ ಎಂದು ಹೆಸರಿಟ್ಟಿದ್ದೇನೆ.

ಹಲಗೆಗಳನ್ನು ನಡುಮನೆಯಲ್ಲಿ ಜೋಡಿಸಿದ, ಮರ ಈ ಮನೆಯ ಗಾಳಿಗೆ ಒಗ್ಗಬೇಕಂತೆ. ಮರಕ್ಕೆ ಒಗ್ಗಲು ದಿನಗಟ್ಟಲೆ ಕೊಡುತ್ತಾರೆ, ನನಗೆ ಒಂದು ಗಂಟೆಯೂ ಕೊಡಲಿಲ್ಲ. ಆಮೇಲೆ ನನ್ನ ಕೋಣೆಯ ಹಳೆಯ ಪ್ಲಾಸ್ಟಿಕ್ ನೆಲಹಾಸನ್ನು ಪರಪರನೆ ಕಿತ್ತ. ಕೆಳಗೆ ಬೂದು ಕಾಂಕ್ರೀಟು, ಅದರ ಮೇಲೆ ಕಪ್ಪು ಅಂಟಿನ ಕಲೆಗಳು. ಕಂಬಳಿ ಎಳೆದು ಎಬ್ಬಿಸಿದವರ ಹಾಗೆ ಕಾಣುತ್ತಿತ್ತು ಕೋಣೆ. ಹೊಸ್ತಿಲ ಬಳಿ ಸ್ಟೂಲು ಹಾಕಿಕೊಂಡು ಕುಳಿತೆ.

"ಅಕ್ಕಾವ್ರೇ, ಧೂಳು ಬರುತ್ತೆ, ಒಳಗೆ ಹೋಗಿ" ಎಂದ.

"ಇದೇ ನನ್ನ ಒಳಗೆ" ಎಂದೆ.

ಮೇಲಿನ ಕಲೆ ಕೆರೆದು ಗುರುವಾರವೇ ಅಂಟಿಸಿಬಿಡುವ ಯೋಚನೆ ಅವನದು. ಸಂಜೆಯ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿತ್ತು. ಕಾರ್ಖಾನೆಯಲ್ಲಿ ನನ್ನ ಕೆಲಸ ಬಟ್ಟೆಯ ದೋಷ ಹುಡುಕುವುದು. ಬಟ್ಟೆಯನ್ನು ಮೇಲಿಂದ ನೋಡಿದರೆ ಏನೂ ಕಾಣದು, ಓರೆ ಬೆಳಕಿಗೆ ಹಿಡಿದರೆ ಎಳೆ ತಪ್ಪಿದ್ದು ಎದ್ದು ಬರುತ್ತದೆ. ನೆಲವನ್ನೂ ಹಾಗೆಯೇ ನೋಡಿದೆ.

"ಆ ಮೂಲೇಲಿ ಉಬ್ಬಿದೆ" ಎಂದೆ.

ಅವನು ನಕ್ಕ. ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ತಂದು, ನನ್ನ ಬಾಯಿ ಮುಚ್ಚಿಸಲೆಂದೇ ಅಲ್ಲಿಟ್ಟ. ಪಟ್ಟಿ ಒಂದು ತುದಿ ಮುಟ್ಟಿದರೆ ಇನ್ನೊಂದು ತುದಿ ಎದ್ದು ಕುಣಿಯಿತು. ನಗು ನಿಂತಿತು. ಉಬ್ಬಿನ ಮೇಲೆ ಹಲಗೆ ಅಂಟಿಸಿದರೆ ಕೆಳಗೆ ಗಾಳಿ ಉಳಿದು ಹಲಗೆ ಕಿರುಗುಟ್ಟುತ್ತದಂತೆ. ಉಜ್ಜಿ ಇಳಿಸಲೇಬೇಕು.

ಒಂದು ದಿನ ಗೆದ್ದೆ. ಊಟ ರುಚಿಸಿತು.

ಮಾರ್ಚ್ 6, ಗುರುವಾರ

ಉಜ್ಜುವ ಯಂತ್ರದ ಸದ್ದಿಗೆ ಅತ್ತಿಗೆಗೆ ತಲೆನೋವು. ಮನೆಯೆಲ್ಲ ಹಿಟ್ಟಿನ ಗಿರಣಿಯಾಗಿದೆ. ಅಣ್ಣ ಟಿವಿಯ ಮುಂದೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕುಳಿತಿದ್ದ.

ನಾನು ಇನ್ನೂ ಎರಡು ತಗ್ಗು ತೋರಿಸಿದೆ, ಒಂದು ಕಿಟಕಿಯ ಕೆಳಗೆ, ಒಂದು ನನ್ನ ಮಂಚ ಇದ್ದ ಕಡೆ. ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನಿಂಗೆ ಅಮ್ಮ ಬರೋದು ಬೇಡ, ಅದನ್ನ ನೇರವಾಗಿ ಹೇಳು. ಆ ನೆಲ ಏನು ಪಾಪ ಮಾಡಿದೆ?"

"ಬೇಡ. ನೇರವಾಗೇ ಹೇಳ್ತಿದೀನಿ. ಆದ್ರೆ ನೆಲ ಡೊಂಕೇ. ನಿಮ್ಮ ತಮ್ಮನ್ನೇ ಕೇಳಿ."

ಅಂಟಪ್ಪ ಪಟ್ಟಿಯ ಕೆಳಗೆ ಬೆರಳು ತೂರಿಸಿ ನೋಡುತ್ತಿದ್ದ. "ಡೊಂಕೇ ಅಕ್ಕಾ" ಎಂದ, ತನ್ನಕ್ಕನಿಗೆ. ಪಾಪ, ತನ್ನವರ ಎದುರೇ ಸತ್ಯ ಹೇಳಬೇಕಾಗಿ ಬಂತು. ಅತ್ತಿಗೆ ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು.

ಮಾರ್ಚ್ 7, ಶುಕ್ರವಾರ

ಇನ್ನೊಂದು ಉಬ್ಬು. ಹಾ!

ಮಾರ್ಚ್ 10, ಸೋಮವಾರ

ತಗ್ಗುಗಳಿಗೆ ಗಾರೆ ಹೊಯ್ದ. ಪುಡಿಗೆ ನೀರು ಕಲಸಿದರೆ ಗಂಜಿಯ ಹಾಗೆ ಹರಿದು ತಾನೇ ಮಟ್ಟವಾಗುತ್ತದೆ. ನೋಡುವುದಕ್ಕೆ ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳುವುದರಲ್ಲಿ ತಪ್ಪಿಲ್ಲ, ಗಾರೆಗೂ ನನಗೂ ದ್ವೇಷವಿಲ್ಲ.

ಆದರೆ ಬೆಳಗ್ಗೆಯೇ ಜಗಳವಾಯಿತು. ರಸಮಟ್ಟ ಇಟ್ಟು ನೋಡಿ, ಕೋಣೆ ಬಾಗಿಲ ಕಡೆಗೆ ಇಳಿಜಾರಾಗಿದೆ, ಇಡೀ ನೆಲ ಎತ್ತರಿಸಬೇಕು ಎಂದೆ. ಅದಕ್ಕೆ ಒಂದು ವಾರವಾದರೂ ಬೇಕಾದೀತು ಎಂಬುದು ನನ್ನ ಲೆಕ್ಕ.

"ಅಕ್ಕಾವ್ರೇ, ಇಳಿಜಾರಿದ್ರೆ ಇರ್ಲಿ. ಬೆಟ್ಟದ ರಸ್ತೇನೂ ಇಳಿಜಾರೇ, ಬಸ್ಸು ಓಡಲ್ವಾ? ಗುಂಡಿ ಇರಬಾರ್ದು, ದಿಬ್ಬ ಇರಬಾರ್ದು. ಹಲಗೆ ಅದನ್ನಷ್ಟೇ ಕೇಳೋದು" ಎಂದ.

ಪಟ್ಟಿಯನ್ನು ಇಳಿಜಾರಿನುದ್ದಕ್ಕೂ ಇಟ್ಟು ನೋಡಿದೆ. ಎಲ್ಲೂ ಬೆಳಕು ನುಸುಳಲಿಲ್ಲ. ಅವನ ಮಾತು ಸರಿಯಿತ್ತು. ಅದನ್ನು ಅವನಿಗೆ ಹೇಳಲಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ.

ನಾನು ಪದೇ ಪದೇ ಅಲ್ಲಿ, ಇಲ್ಲಿ, ಅದರ ಪಕ್ಕ ಎಂದು ಕೂಗುವುದನ್ನು ತಾಳಲಾರದೆ ಒಂದು ದಪ್ಪ ಪೆನ್ಸಿಲು ಎಸೆದ. "ಬಾಯಲ್ಲಿ ಬೇಡ, ಗುರುತು ಹಾಕಿ. ನನ್ನ ಕಿವೀನಾದ್ರೂ ಉಳೀಲಿ." ಉಬ್ಬಿಗೆ ಗುಣಿಸುವ ಗುರುತು, ತಗ್ಗಿಗೆ ಸೊನ್ನೆ. ಕೋಣೆಯೆಲ್ಲ ಗುರುತು ಹಾಕಿದೆ.

ಮಾರ್ಚ್ 13, ಗುರುವಾರ

ಈಗ ತೇವದ ಪರೀಕ್ಷೆ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹಾಸಿ ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಹೋದ. ನೆಲದೊಳಗೆ ತೇವ ಉಳಿದಿದ್ದರೆ ಹಾಳೆಯ ಒಳಮೈ ಬೆವರುತ್ತದೆ. ಬೆವರಿದರೆ ಅಂಟಿಸುವ ಹಾಗಿಲ್ಲ, ಮರ ನೀರು ಕುಡಿದು ಉಬ್ಬಿ ಕಿತ್ತುಕೊಂಡು ಬರುತ್ತದೆ.

ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಲೋಟದಲ್ಲಿ ನೀರು ಹಿಡಿದುಕೊಂಡು ಹೋದೆ. ಟೇಪಿನ ಒಂದು ಮೂಲೆ ಎತ್ತಿ ಸುರಿದು ಮತ್ತೆ ಒತ್ತಿದರೆ ಮುಗಿಯಿತು, ಇಪ್ಪತ್ತೆರಡು ದಾಟುತ್ತದೆ, ಮಂಚ ಒಳಗೆ ಬರುತ್ತದೆ. ಬಗ್ಗಿದೆ. ಅಲ್ಲಿ ನನ್ನದೇ ಪೆನ್ಸಿಲ್ ಸೊನ್ನೆ, ಅದರೊಳಗೆ ಅವನು ಸಮ ಮಾಡಿದ್ದು. ಕೈಯಾಡಿಸಿದೆ, ಎಲ್ಲಿ ತಗ್ಗಿತ್ತು ಎಂದು ಬೆರಳಿಗೆ ಗೊತ್ತಾಗಲಿಲ್ಲ.

ನೀರು ನಾನೇ ಕುಡಿದೆ. ಅವರ ಮೇಲಿನ ಕರುಣೆಯಿಂದಲ್ಲ. ಇಲ್ಲದ ದೋಷವನ್ನು ಇದೆ ಎಂದು ಬರೆದವಳ ಮುಖಕ್ಕೆ ಕಾರ್ಖಾನೆಯಲ್ಲಿ ನಾನೇ ಬಟ್ಟೆ ಎಸೆದಿದ್ದೇನೆ. ಅತ್ತಿಗೆಯ ಅಮ್ಮನಂಥವರಿಗಾಗಿ ನಾನು ಅಷ್ಟು ಕೆಳಗಿಳಿಯಬೇಕೇ?

ಮಾರ್ಚ್ 14, ಶುಕ್ರವಾರ

ಹಾಳೆ ಒಣಗಿದೆ. ಒಂದು ಹನಿಯೂ ಇಲ್ಲ. ದರಿದ್ರ ನೆಲ.

ಮಾರ್ಚ್ 16, ಭಾನುವಾರ

ಅತ್ತಿಗೆ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಸ್ಪೀಕರು ಹಾಕಿದ್ದಳು, ನನಗೆ ಕೇಳಲಿ ಎಂತಲೋ ಏನೋ.

"ಅವಳು ಇನ್ನೂ ಅಲ್ಲೇ ಇದಾಳಾ?" ಎಂದಿತು ಮುದಿ ದನಿ.

"ಎಲ್ಲಿಗೆ ಹೋಗ್ತಾಳಮ್ಮಾ?"

"ಎಲ್ಲಿಗೂ ಹೋಗದವರನ್ನ ಕಂಡ್ರೆ ನಂಗೆ ಭಯ ಕಣೇ."

ಫೋನು ಕಿತ್ತುಕೊಂಡು, "ಬನ್ನಿ ಅತ್ತೆ, ಮರದ ನೆಲ ಬಹಳ ಜಾರುತ್ತಂತೆ, ಹುಷಾರು" ಎಂದೆ. ಅತ್ತಿಗೆ ಎರಡು ಗಂಟೆ ಅತ್ತಳು. ಅಣ್ಣ ನನ್ನ ಹತ್ತಿರ ಬಂದು, ಮಾತಾಡಲು ಬಾಯಿ ತೆರೆದು, ಹಾಗೆಯೇ ಮುಚ್ಚಿಕೊಂಡು ಹೋದ. ಅವನ ಜನ್ಮವೆಲ್ಲ ಹೀಗೆಯೇ ಆಯಿತು.

ಸಿಟ್ಟು ಇಳಿಯಲೆಂದು ಕೋಣೆಗೆ ಹೋದೆ. ಬಾಗಿಲ ಹಿಂದೆ ಒಂದು ಗೇಣಿನಷ್ಟು ಕಪ್ಪು ಅಂಟು ಹಾಗೆಯೇ ಉಳಿದಿತ್ತು, ಅಂಟಪ್ಪನ ಕಣ್ಣಿಗೆ ಬಿದ್ದಿಲ್ಲ. ಅವನ ಕೆರೆಯುವ ಅಲಗು ಅಲ್ಲೇ ಇತ್ತು. ಆಳು ಮಾಡಿದ್ದು ಹಾಳು ಎಂದು ಬೈದುಕೊಳ್ಳುತ್ತಾ ನಾನೇ ಕೆರೆದೆ. ಹಾಗೆ ಕೆರೆಯುತ್ತಾ ಗೋಡೆಯಂಚಿನುದ್ದಕ್ಕೂ ಹೋದೆ, ಅಂಚುಗಳಲ್ಲಿ ಅವನು ಯಾವಾಗಲೂ ಸೋಮಾರಿ. ಕೊನೆಗೆ ಧೂಳು ಹೀರುವ ಯಂತ್ರವನ್ನೂ ಆಡಿಸಿದೆ. ಅಂಗೈಯಲ್ಲಿ ಬೊಬ್ಬೆ ಎದ್ದಿದೆ.

ಅತ್ತಿಗೆ ಇಣುಕಿ, "ಕೊನೆಗೂ ಒಳ್ಳೆ ಬುದ್ಧಿ ಬಂತಲ್ಲ" ಎಂದಳು. ಅಲಗು ಕೈಯಲ್ಲಿತ್ತು. ದೇವರೇ ಅವಳನ್ನು ಕಾಪಾಡಿದ.

ಮಾರ್ಚ್ 18, ಮಂಗಳವಾರ

ಎಲ್ಲವನ್ನೂ ಬರೆಯುತ್ತೇನೆ, ಮೈಯೆಲ್ಲ ನೋಯುತ್ತಿದ್ದರೂ.

ನಾಳೆ ಅಂಟಿಸುವುದೆಂದು ಅಂಟಪ್ಪ, ತಡವಾಗಿ ಬಂದ ಅಂಟಿನ ಡಬ್ಬಗಳನ್ನು ಇವತ್ತು ತಂದಿಟ್ಟು, ಅಂಟು ಎಳೆಯುವ ಹಲ್ಲಿನ ಕರಣೆಯನ್ನು ಒರೆಸುತ್ತಿದ್ದ. ಒಮ್ಮೆ ಅಂಟಿದ ಹಲಗೆಯನ್ನು ಒಡೆದಲ್ಲದೆ ಕೀಳಲಾಗದು, ಆದ್ದರಿಂದ ಕೊನೆಯ ಸಲ ನೆಲವನ್ನೆಲ್ಲ ನೋಡಿಬಿಡೋಣ ಎಂದು ನಾನು ಮಂಡಿಯೂರಿ, ಅಲಗಿನ ಹಿಡಿಯಿಂದ ತಟ್ಟುತ್ತಾ ಹೊರಟೆ. ಕಿಟಕಿಯ ಕೆಳಗೆ ಸದ್ದು ಬದಲಾಯಿತು. ಬೇರೆ ಕಡೆ ಟಕ್ ಟಕ್, ಅಲ್ಲಿ ಡಬ್ ಡಬ್. ಮತ್ತೆ ತಟ್ಟಿದೆ, ಮತ್ತೆ ಅದೇ.

"ಇಲ್ಲಿ ಪೊಳ್ಳಾಗಿದೆ" ಎಂದೆ.

ಅತ್ತಿಗೆ ಬಾಗಿಲಲ್ಲೇ ಇದ್ದಳು. "ಶುರುವಾಯ್ತು! ನಾಳೆ ಅಂಟಿಸ್ತಾರೆ ಅಂದ್ರೆ ಇವತ್ತು ಪೊಳ್ಳು. ನಂಗೊತ್ತಿತ್ತು, ಕೊನೇ ಗಳಿಗೇಲಿ ಏನಾದ್ರೂ ತೆಗೀತಾಳೆ ಅಂತ. ನೀನು ಅಂಟಿಸೋ, ಇವಳ ಮಾತು ಕೇಳ್ಬೇಡ."

"ಅಕ್ಕಾವ್ರೇ, ನಂಗೂ ಸಾಕಾಗಿದೆ" ಎಂದ ಅಂಟಪ್ಪ, ನನ್ನ ಕಡೆ ನೋಡದೆ.

ನನ್ನ ಮೈ ಉರಿಯಿತು. ಇಷ್ಟು ದಿನದಲ್ಲಿ ನಾನು ತೋರಿಸಿದ ಒಂದು ತಪ್ಪಾದರೂ ಸುಳ್ಳಾಗಿತ್ತೇ? "ನನ್ನ ಬಾಯಿ ನಂಬಬೇಡ. ನಿನ್ನ ಕಿವಿ ನಂಬು. ಬಾ, ಮಂಡಿಯೂರು!" ಎಂದು ಕಿರುಚಿದೆ.

ಬಂದ, ತಟ್ಟಿದ. ಮುಖ ಬಿಳುಪೇರಿತು. ಉಳಿಯ ತುದಿ ತೂರಿಸಿ ಮೀಟಿದರೆ ಗಾರೆಯ ಒಂದು ಚೂರು ಹಪ್ಪಳದ ಹಾಗೆ ಎದ್ದು ಬಂತು. ಅದರ ಅಡಿಮೈ ನುಣ್ಣಗೆ ಹೊಳೆಯುತ್ತಿತ್ತು. ಮೂಗಿಗೆ ಹಿಡಿದೆ. ಗುಲಾಬಿಯ ವಾಸನೆ, ಅತ್ತಿಗೆ ನೆಲ ಒರೆಸುವ ಹೊಳಪಿನ ದ್ರವ.

"ಗಾರೆ ಹೊಯ್ಯೋ ಮುಂಚೆ ಒರೆಸಿದ್ರಾ?" ಎಂದೆ.

"ಕ್ಲೀನಾಗಿರ್ಲಿ ಅಂತ… ಕಿಟಕಿ ಹತ್ರ ಧೂಳಿತ್ತು…" ಅತ್ತಿಗೆಯ ದನಿ ಉಡುಗಿತು. ತಮ್ಮನ ಕೆಲಸ ಚೊಕ್ಕಟವಾಗಲೆಂದು ಮಾಡಿದ್ದಾಳೆ. ಗಾರೆ ನೆಲವನ್ನು ಹಿಡಿಯುವ ಬದಲು ಆ ಹೊಳಪನ್ನು ಹಿಡಿದಿದೆ.

ಅಂಟಪ್ಪ ಗೋಡೆಗೆ ಒರಗಿ ಕುಳಿತುಬಿಟ್ಟ. "ಇಷ್ಟನ್ನೂ ಕೀಳಬೇಕು, ಉಜ್ಜಿ ತೊಳೀಬೇಕು, ಮತ್ತೆ ಹೊಯ್ಯಬೇಕು. ಒಬ್ಬನ ಕೈಲಿ ಶನಿವಾರಕ್ಕೆ ಆಗೋ ಮಾತಲ್ಲ. ನಮ್ಮ ದೊಡ್ಡಣ್ಣಂಗೆ ಫೋನ್ ಮಾಡಕ್ಕಾ, ಅಮ್ಮನ್ನ ಅವನೇ ಕರ್ಕೊಂಡ್ಹೋಗ್ಲಿ. ಅಕ್ಕಾವ್ರೇ, ನೀವೇ ಗೆದ್ರಿ."

ಅತ್ತಿಗೆ ಫೋನು ಕೈಗೆತ್ತಿಕೊಂಡಳು. ಅಳಲಿಲ್ಲ, ಅದೇ ಆಶ್ಚರ್ಯ. ನಂಬರು ಹುಡುಕತೊಡಗಿದಳು.

ನಾನು ಗೆದ್ದಿದ್ದೆ. ಸುಮ್ಮನೆ ಪ್ಯಾಸೇಜಿಗೆ ಹೋಗಿ ಮಂಚದ ಮೇಲೆ ಕಾಲು ಚಾಚಬಹುದಿತ್ತು. ಆದರೆ ಆ ಅಂಟಪ್ಪ ಕಾಲು ಮಡಿಸಿಕೊಂಡು ಕುಳಿತ ರೀತಿ ನೋಡಿ ಪಿತ್ತ ನೆತ್ತಿಗೇರಿತು. ನೆಲದ ತುಂಬ ನಮ್ಮ ಗುರುತುಗಳು, ಎಲ್ಲವೂ ಸರಿಹೋಗಿವೆ, ಒಂದು ಮೂಲೆ ಬಿಟ್ಟು.

"ಒಬ್ಬನೇ ಅಂತ ಯಾರು ಹೇಳಿದ್ದು?" ಎಂದೆ. "ಬೇಗ ಗಟ್ಟಿಯಾಗೋ ಪುಡಿ ಇದೆ ಅಂತ ನೀನೇ ಬಡಾಯಿ ಕೊಚ್ಚಿರ್ಲಿಲ್ವಾ? ಏಳು. ಆ ಸುತ್ತಿಗೆ ಇಲ್ಲಿ ಕೊಡು. ಅತ್ತಿಗೆ, ಫೋನು ಆಮೇಲೆ ಮಾಡುವಿರಂತೆ, ಬಿಸಿನೀರು ತನ್ನಿ. ಆ ಗುಲಾಬಿ ಶೀಶೆ ಮುಟ್ಟಿದ್ರೆ ಕೈ ಮುರೀತೀನಿ."

ಅವಳು ಬಿಸಿನೀರು ತಂದಳು. ಮದುವೆಯಾಗಿ ಬಂದ ಮೇಲೆ ನನ್ನ ಮಾತು ಕೇಳಿದ್ದು ಇದೇ ಮೊದಲು. ಕತ್ತಲಾಗುವಷ್ಟರಲ್ಲಿ ಪೊಳ್ಳು ಗಾರೆಯನ್ನೆಲ್ಲ ಎಬ್ಬಿಸಿ ಆಗಿತ್ತು. ಅಂಟಪ್ಪ ಉಳಿ ಹಿಡಿಯುವ ರೀತಿಯೇ ತಪ್ಪು, ಎರಡು ಸಲ ಹೇಳಿದೆ. ಅವನೂ ನನ್ನ ಸುತ್ತಿಗೆಯ ಪೆಟ್ಟನ್ನು ಆಡಿಕೊಂಡ. ಚೆನ್ನಾಗಿ ಬೈದಾಡಿಕೊಂಡೆವು.

ಯಾಕೆ ಹಾಗೆ ಮಾಡಿದೆನೋ. ಕೆಲಸ ಅರ್ಧಕ್ಕೆ ಬಿಟ್ಟು ಕೂರುವವರನ್ನು ಕಂಡರೆ ನನಗಾಗದು, ಅಷ್ಟೇ.

ಮಾರ್ಚ್ 19, ಬುಧವಾರ

ಬೆಳಗ್ಗೆ ಹೊಯ್ದೆವು. ಮಧ್ಯಾಹ್ನಕ್ಕೆ ಒಣಗಿ ಗಟ್ಟಿ. ತಟ್ಟಿ ನೋಡಿದೆ, ಟಕ್ ಟಕ್.

ಆಮೇಲೆ ಅಂಟಿಸಲು ಶುರು. ಅವನು ಕರಣೆಯಲ್ಲಿ ಅಂಟು ಎಳೆದಂತೆ ನಾನು ಹಲಗೆ ಎತ್ತಿ ಕೊಟ್ಟೆ. ಬಾಗಿದ ಹಲಗೆಗಳನ್ನು ಮೊದಲೇ ಬೇರೆ ತೆಗೆದಿಟ್ಟಿದ್ದೆ, ಅವನನ್ನು ಬಿಟ್ಟರೆ ಅದನ್ನೂ ಅಂಟಿಸುತ್ತಿದ್ದ.

ಮಾರ್ಚ್ 20, ಗುರುವಾರ

ಮುಗಿಯಿತು. ನಾಳೆ ಇಡೀ ದಿನ ಯಾರೂ ಕಾಲಿಡಬಾರದು. ಅಣ್ಣ ಬಾಗಿಲಲ್ಲಿ ನಿಂತು ಒಂದು ಕಾಲು ಮುಂದಿಟ್ಟಿದ್ದ, ಅಂಟಪ್ಪನೂ ನಾನೂ ಒಟ್ಟಿಗೇ ಕೂಗಿದೆವು. ಅಣ್ಣ ಹೆದರಿ ಗೋಡೆಗೆ ತಲೆ ಹೊಡೆದುಕೊಂಡ.

ಹೋಗುವಾಗ ಅಂಟಪ್ಪ ಚಪ್ಪಲಿ ಮೆಟ್ಟುತ್ತಾ, "ಸೋಮವಾರ ದೊಡ್ಡ ಕೆಲಸ ಒಂದಿದೆ, ಗ್ರಂಥಾಲಯದ ದೊಡ್ಡ ಹಾಲ್‌ನ ನೆಲ. ನೆಲ ನೋಡೋಕೆ ಒಬ್ರು ಬೇಕು. ಬರ್ತೀರಾ?" ಎಂದ.

"ನಿನ್ನ ಕೈಕೆಳಗೆ? ನಂಗಿನ್ನೂ ಅಷ್ಟು ಬುದ್ಧಿ ಕೆಟ್ಟಿಲ್ಲ" ಎಂದು ಬಾಗಿಲು ಹಾಕಿಕೊಂಡೆ. ಎಂಥ ಸೊಕ್ಕು ಅವನಿಗೆ.

ಮಾರ್ಚ್ 22, ಶನಿವಾರ

ಬಂದರು. ಅಣ್ಣ ಒಂದು ಕೈ, ಅತ್ತಿಗೆ ಒಂದು ಕೈ ಹಿಡಿದು ಕೋಣೆಯ ಹೊಸ್ತಿಲವರೆಗೆ ಕರೆತಂದರು. ಅಲ್ಲಿ ಇಬ್ಬರ ಕೈಯನ್ನೂ ಕೊಡವಿ, ಮುದುಕಿ ಕೋಲೂರಿಕೊಂಡು ತಾವೇ ಒಳಗೆ ಹೊರಟರು. ಎಲ್ಲರೂ ಅವರ ಮುಖ ನೋಡುತ್ತಿದ್ದರು. ನಾನು ಕೋಲಿನ ಸದ್ದು ಕೇಳುತ್ತಿದ್ದೆ. ಬಾಗಿಲಿನಿಂದ ಕಿಟಕಿಯವರೆಗೆ, ಕಿಟಕಿಯ ಕೆಳಗೂ, ಒಂದೇ ಸದ್ದು. ಉಸಿರು ಬಿಟ್ಟೆ.

"ನೆಲ ಪರವಾಗಿಲ್ಲ" ಎಂದರು ಮುದುಕಿ. "ಬಣ್ಣ ಮಾತ್ರ ಹೆಣದ ಮುಖದ ಹಾಗಿದೆ."

"ಬಣ್ಣ ನಿಮ್ಮ ಮಗಳ ಆಯ್ಕೆ, ನೆಲ ನಮ್ಮದು" ಎಂದೆ.

ಆಗ ನನ್ನನ್ನು ನೋಡಿದರು, ಮೇಲಿಂದ ಕೆಳಕ್ಕೆ. ತಮಗಾಗಿ ಹಾಕಿದ್ದ ಹೊಸ ಮಂಚದ ಮೇಲೆ ಕುಳಿತು ಕೋಲನ್ನು ಗೋಡೆಗೆ ಒರಗಿಸಿದರು. ಅದು ನನ್ನ ಮಂಚವಿದ್ದ ಜಾಗ. ಸಂಜೆಯ ಬಿಸಿಲು ಮೊದಲು ಬೀಳುವುದು ಅಲ್ಲಿಗೇ.

"ನಂಗೆ ಮಲಗಬೇಕು. ಹೋಗ್ತಾ ಬಾಗಿಲು ಎಳ್ಕೋ" ಎಂದರು.

ಎಳೆದುಕೊಂಡೆ. ಆ ಬಾಗಿಲನ್ನು ನಾನು ಯಾವಾಗಲೂ ಒಳಗಿನಿಂದ ಹಾಕಿದವಳು. ಹೊರಗಿನಿಂದ ಎಳೆಯುವಾಗ ಹಿಡಿ ಯಾವ ಕಡೆ ತಿರುಗುತ್ತದೆ ಎಂದು ಕೈಗೆ ತಿಳಿಯಲಿಲ್ಲ, ಎರಡು ಸಲ ಒದ್ದಾಡಿದೆ. ದುಃಖ ಉಕ್ಕಿ ಬಂತು, ಅಡುಗೆಮನೆಯಲ್ಲಿ ಅತ್ತಿಗೆ ಇದ್ದಳು, ಪ್ಯಾಸೇಜಿನಲ್ಲಿ ಅಣ್ಣ ಇದ್ದ. ಅಳುವುದಕ್ಕೂ ಒಂದು ಕೋಣೆ ಬೇಕು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮುಖ ತೊಳೆದು ಬಂದು ಪ್ಯಾಸೇಜಿನ ನನ್ನ ಮಂಚದ ಮೇಲೆ ಕುಳಿತು ಅಂಟಪ್ಪನಿಗೆ ಫೋನು ಮಾಡಿದೆ.

"ಸೋಮವಾರ ಎಷ್ಟು ಗಂಟೆಗೆ?"

"ಕೆಲಸಕ್ಕಾ ಅಕ್ಕಾವ್ರೇ, ಬೈಯೋಕಾ?"

"ಎರಡಕ್ಕೂ" ಎಂದೆ.